ರೇಂಜ್‌ಫೈಂಡರ್‌ಗೆ 75 ಬೇಕಾ, 90 ಬೇಕಾ? ಲೆನ್ಸ್ ಕೊಳ್ಳುವ ಮುಂಚೆ ಕ್ಯಾಮೆರಾದ ಕಿಂಡಿ ನೋಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಳಗೆ 50 ಎಂಎಂ ಲೆನ್ಸ್ ಹಿಡಿದು ನಿಂತರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಮುಖ ತುಂಬಾ ಬರಬೇಕು ಅಂದರೆ ಹತ್ತಿರ ಹೋಗಬೇಕು. ಹತ್ತಿರ ಹೋದರೆ ಕೆಲಸ ಮಾಡುವವರಿಗೆ ಅಡ್ಡ. ಅದೂ ಸಾಲದು ಅಂತ ಕಾದ ಮರಳಿನ ಝಳಕ್ಕೆ ಅಕ್ಕಿಯ ಜೊತೆ ನಾವೂ ಅರಳುತ್ತೇವೇನೋ ಅನ್ನಿಸುತ್ತದೆ. ನಾನು ಎರಡು ಹೆಜ್ಜೆ ಹಿಂದೆ ಬಂದೆ. ಅಲ್ಲಿದ್ದ ಒಬ್ಬರು ನಕ್ಕು, "ಅಣ್ಣಾ, ಅಷ್ಟು ದೂರದಿಂದ ಏನ್ ಕಾಣ್ತತಿ? ಹತ್ರ ಬರ್ರಿ" ಅಂದರು. ಅವರು ಹೇಳಿದ್ದು ಸರಿ. ಡೆವಲಪ್ ಆಗಿ ಬಂದ ರೋಲಿನಲ್ಲಿ ಹೊಗೆ ಇತ್ತು, ಗೋಡೆ ಇತ್ತು, ಚೀಲಗಳಿದ್ದವು, ಮಧ್ಯೆ ಎಲ್ಲೋ ಬೆರಳುಗುರಿನಷ್ಟು ಒಂದು ಮುಖ.

ಆವತ್ತು ಮನೆಗೆ ಬಂದವನೇ ಶಾರ್ಟ್ ಟೆಲಿ ಹುಡುಕೋಕೆ ಕೂತೆ. ಶಾರ್ಟ್ ಟೆಲಿ ಅಂದರೆ ದೂರದ್ದನ್ನು ತುಸು ಹತ್ತಿರ ತರುವ ಲೆನ್ಸ್, 75, 85, 90 ಎಂಎಂ, ಎಳೆದರೆ 105ರವರೆಗೆ. ಎಲ್ಲರ ಹಾಗೆ ನಾನೂ ಮೊದಲು ನೋಡಿದ್ದು "ಎಫ್ ಎಷ್ಟು?" ಅನ್ನೋದನ್ನೇ. ಲೆನ್ಸಿನೊಳಗಿನ ಬೆಳಕಿನ ಬಾಗಿಲು, ಅಂದರೆ ಅಪರ್ಚರ್, ಎಷ್ಟು ತೆರೆಯುತ್ತದೆ ಅನ್ನುವ ಅಂಕೆ ಅದು; ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಎಫ್/2 ಸಿಕ್ಕಿತು, ಅಗ್ಗಕ್ಕೂ ಸಿಕ್ಕಿತು, ತಗೊಂಡುಬಿಟ್ಟೆ. ಆ ಕಥೆ ಮುಂದೆ ಬರುತ್ತದೆ. ರೇಂಜ್‌ಫೈಂಡರ್‌ಗೆ ಟೆಲಿ ಆರಿಸುವಾಗ ಮೊದಲು ಅಳೆಯಬೇಕಾದ್ದು ಲೆನ್ಸನ್ನಲ್ಲ, ನಿಮ್ಮ ಕ್ಯಾಮೆರಾವನ್ನು. ರೇಂಜ್‌ಫೈಂಡರ್ ಅಂದರೆ ಲೆನ್ಸಿನ ಮೂಲಕ ಅಲ್ಲ, ಬೇರೊಂದು ಕಿಂಡಿಯಲ್ಲಿ (ವ್ಯೂಫೈಂಡರ್) ನೋಡಿ ತೆಗೆಯುವ ಕ್ಯಾಮೆರಾ.

ಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಮೂಲಕವೇ ನೋಡುತ್ತೇವೆ, ಲೆನ್ಸ್ ಬದಲಾಯಿಸಿದರೆ ಕಿಂಡಿಯಲ್ಲಿ ಕಾಣುವುದೂ ಬದಲಾಗುತ್ತದೆ. 90 ಹಾಕಿದರೆ ಎದುರಿನವರು ದೊಡ್ಡದಾಗಿ ಕಾಣುತ್ತಾರೆ, ಫೋಕಸ್ ಮಾಡೋದೂ ಸುಲಭ. ರೇಂಜ್‌ಫೈಂಡರ್‌ನಲ್ಲಿ ಹಾಗಿಲ್ಲ. 28 ಹಾಕಿ, 90 ಹಾಕಿ, ಕಿಂಡಿಯಲ್ಲಿ ಕಾಣುವ ಲೋಕ ಅದೇ. ಅದರೊಳಗೆ ಎಳೆದ ಚೌಕಟ್ಟು ಮಾತ್ರ ಚಿಕ್ಕದಾಗುತ್ತದೆ. 90ರ ಚೌಕಟ್ಟು ಅಂದರೆ ನಡುವೆ ಒಂದು ಅಂಚೆಚೀಟಿ ಅಂಟಿಸಿದ ಹಾಗೆ. ಫೋಕಸ್ ಆಗೋದೂ ಲೆನ್ಸಿನ ಮೂಲಕ ಅಲ್ಲ. ಕ್ಯಾಮೆರಾದ ಮುಂಭಾಗದಲ್ಲಿ ಎರಡು ಕಿಟಕಿ ಇರುತ್ತವೆ, ಎರಡರಿಂದಲೂ ಬಂದ ಬಿಂಬ ಮಧ್ಯದ ಪುಟ್ಟ ಪ್ಯಾಚಿನಲ್ಲಿ ಒಂದರ ಮೇಲೊಂದು ಕೂತಾಗ ಫೋಕಸ್ ಸರಿಯಾಯಿತು ಅಂತ ಲೆಕ್ಕ.

ಆ ಎರಡು ಕಿಟಕಿಗಳ ನಡುವಿನ ದೂರವೇ ಬೇಸ್ ಲೆಂಗ್ತ್. ನಮ್ಮ ಎರಡು ಕಣ್ಣು ಕೆಲಸ ಮಾಡುವ ಹಾಗೇ ಇದು, ದೂರ ಜಾಸ್ತಿ ಇದ್ದಷ್ಟೂ ಅಂದಾಜು ನಿಖರ. ಅದನ್ನು ಕಿಂಡಿಯ ಮ್ಯಾಗ್ನಿಫಿಕೇಶನ್‌ನಿಂದ ಗುಣಿಸಿದರೆ ನಿಜವಾಗಿ ಕೆಲಸಕ್ಕೆ ಬರುವ ಉದ್ದ ಸಿಗುತ್ತದೆ. ಇಂಗ್ಲಿಷಿನವರು ಎಫೆಕ್ಟಿವ್ ಬೇಸ್ ಲೆಂಗ್ತ್ ಅನ್ನುತ್ತಾರೆ, ನಾನು ಸುಮ್ನೆ "ಅಸಲು ಉದ್ದ" ಅನ್ನುತ್ತೇನೆ.

1954ರಲ್ಲಿ ಬಂದ ಲೈಕಾ ಎಂ3 ಈ ವಿಷಯದಲ್ಲಿ ಇವತ್ತಿಗೂ ಹಿರಿಯಣ್ಣ. ಬೇಸ್ ಸುಮಾರು 68.5 ಮಿ.ಮೀ., ಮ್ಯಾಗ್ನಿಫಿಕೇಶನ್ 0.91, ಅಸಲು 62ರ ಮೇಲೆ. ಅದರ ಕಿಂಡಿಯಲ್ಲಿ 50, 90, 135 ಮೂರೇ ಚೌಕಟ್ಟು. ಟೆಲಿಗೆ ಹೇಳಿ ಮಾಡಿಸಿದ ಹಾಗಿದೆ. ಲೈಕಾ ಎಂ6ನ 0.72 ಮ್ಯಾಗ್ನಿಫಿಕೇಶನ್ ಕಿಂಡಿಗೆ ಅಸಲು ಸುಮಾರು 50. ಜೈಸ್ ಐಕಾನ್ ಜೆಡ್‌ಎಂನದು 75 ಗುಣಿಸು 0.74, ಅಂದರೆ 55ರ ಹತ್ತಿರ. ಇವೆಲ್ಲ ಒಳ್ಳೆಯ ಅಂಕೆಗಳು. ಇನ್ನು ನನ್ನ ಹತ್ತಿರ ಇರೋದು ಕೊಸಿನಾ ಮಾಡಿದ ವೊಯಿಗ್ಟ್‌ಲೆಂಡರ್ ಬೆಸ್ಸಾ ಆರ್2ಎ. ಬೇಸ್ 37, ಮ್ಯಾಗ್ನಿಫಿಕೇಶನ್ 0.7, ಅಸಲು 26 ಮಾತ್ರ. ಅದರ ತಮ್ಮ ಆರ್3ಎಗೆ ಕಿಂಡಿ ಪೂರ್ತಿ 1:1 ಆದ್ದರಿಂದ 37 ಸಿಗುತ್ತದೆ. 1973ರ ಪುಟಾಣಿ ಲೈಕಾ ಸಿಎಲ್‌ಗೆ 31.5 ಗುಣಿಸು 0.6, ಹತ್ತೊಂಬತ್ತೂ ಪೂರ್ತಿ ಆಗುವುದಿಲ್ಲ.

ಈ ಅಂಕೆ ಯಾಕೆ ಬೇಕು ಅಂದರೆ, 90 ಎಂಎಂ ಲೆನ್ಸನ್ನು ಎಫ್/2ರಲ್ಲಿ 1 ಮೀಟರ್ ದೂರಕ್ಕೆ ಇಟ್ಟರೆ ಶಾರ್ಪ್ ಆಗಿರುವ ಆಳ ಒಂದೂಕಾಲು, ಒಂದೂವರೆ ಸೆಂಟಿಮೀಟರ್ ಅಷ್ಟೇ. ಮೂಗಿನ ತುದಿಯಿಂದ ಕಣ್ಣಿಗೆ ಅದಕ್ಕಿಂತ ಜಾಸ್ತಿ ದೂರ ಇದೆ ಅಲ್ವಾ? 2 ಮೀಟರ್‌ಗೆ ಹೋದರೆ 6 ಸೆಂ.ಮೀ. ಆಗುತ್ತದೆ. ಅದೇ 2 ಮೀಟರ್‌ನಲ್ಲಿ ಎಫ್/4 ಇಟ್ಟರೆ ಸುಮಾರು 12 ಸೆಂ.ಮೀ. ಈ ಒಂದೂವರೆ ಸೆಂಟಿಮೀಟರನ್ನು ಹಿಡಿಯೋ ತಾಕತ್ತು ನಿಮ್ಮ ಕ್ಯಾಮೆರಾಗೆ ಇಲ್ಲ ಅಂದಮೇಲೆ ಎಫ್/2ಕ್ಕೆ ಸುರಿದ ದುಡ್ಡು ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ.

ನನ್ನ ಲೆಕ್ಕ ಹೀಗಿದೆ, ನೀವು ಒಪ್ಪದಿದ್ದರೂ ಬೇಜಾರಿಲ್ಲ. ಅಸಲು ಉದ್ದ 20ರ ಒಳಗಿದ್ದರೆ 90ರಲ್ಲಿ ಎಫ್/4 ಬಿಟ್ಟು ಬೇರೆ ಕಡೆ ನೋಡಬೇಡಿ. 26ರಿಂದ 37ರವರೆಗೆ 75 ಎಫ್/2.5 ಅಥವಾ 90 ಎಫ್/3.5. 50ರ ಆಸುಪಾಸು ಇದ್ದರೆ 90 ಎಫ್/2.8 ಆರಾಮ, ಎಫ್/2 ಕೂಡ ಆಗುತ್ತದೆ ಆದರೆ ಕೈ ಪಳಗಬೇಕು. ಎಂ3 ಇಟ್ಟುಕೊಂಡವರು ಏನು ಬೇಕಾದರೂ ತಗೊಳ್ಳಲಿ, ಅವರ ಜೊತೆ ನಮಗೆ ಮಾತಿಲ್ಲ.

ಲೈಕಾ ಎಂ ಇರುವವರಿಗೆ ಇನ್ನೊಂದು ದಾರಿ ಇದೆ. ಕಿಂಡಿಯ ಹಿಂದೆ ತಿರುಗಿಸಿ ಕೂರಿಸುವ 1.25 ಪಟ್ಟಿನ ಮ್ಯಾಗ್ನಿಫೈಯರ್ ಸಿಗುತ್ತದೆ. 0.72ಕ್ಕೆ ಅದನ್ನು ಹಾಕಿದರೆ 0.9, ಅಂದರೆ ಹೆಚ್ಚು ಕಡಿಮೆ ಎಂ3 ಆಯಿತು. ಕನ್ನಡಕ ಹಾಕುವವರು ಅಂಚೆಚೀಟಿಯಷ್ಟಿದ್ದ ಚೌಕಟ್ಟು ಪೋಸ್ಟ್‌ಕಾರ್ಡ್ ಆಗೋದನ್ನು ಒಮ್ಮೆ ನೋಡಬೇಕು. 2012ರಲ್ಲಿ ಲೈಕಾ ಪ್ರಕಟಿಸಿದ ಎಂ ಟೈಪ್ 240ರಿಂದ ಈಚೆಗೆ ಡಿಜಿಟಲ್ ಎಂಗಳಲ್ಲಿ ಲೈವ್ ವ್ಯೂ ಬಂತು. ಅದರಲ್ಲಿ ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ಫೋಕಸ್ ಮಾಡಬಹುದು. ಆದರೆ ಪ್ರತಿ ಸಲ ಸ್ಕ್ರೀನ್ ನೋಡುವುದಾದರೆ ರೇಂಜ್‌ಫೈಂಡರ್ ಯಾಕಪ್ಪಾ ಬೇಕಿತ್ತು?

ನಮ್ಮ ಬಿಸಿಲಿನ ಲೆಕ್ಕ

ಎಫ್/2 ಬೇಕು ಅನ್ನುವವರಿಗೆ ಒಂದು ಪ್ರಶ್ನೆ. ಯಾವಾಗ ತೆಗೀತೀರಿ? ದಾವಣಗೆರೆಯಲ್ಲಿ ಮಾರ್ಚ್ ಮಧ್ಯಾಹ್ನ ಹೊರಗೆ ಬಂದವರಿಗೆ ಬಿಸಿಲು ಅಂದರೆ ಏನು ಅಂತ ನಾನು ಹೇಳಬೇಕಿಲ್ಲ. ಹಳೆಯ ಸನ್ನಿ 16 ಲೆಕ್ಕ ಹಿಡಿಯಿರಿ. ಕಡು ಬಿಸಿಲಿಗೆ ಎಫ್/16, ಶಟರ್ ವೇಗ ಫಿಲ್ಮಿನ ಐಎಸ್‌ಒ ಎಷ್ಟೋ ಅಷ್ಟು. ಐಎಸ್‌ಒ 100 ಫಿಲ್ಮಿಗೆ ಎಫ್/16ರಲ್ಲಿ 1/100. ಅಲ್ಲಿಂದ ಎಫ್/2ಕ್ಕೆ ಆರು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು) ಇಳಿದರೆ 1/6400 ಬೇಕು. ಫಿಲ್ಮ್ ಲೈಕಾ ಎಂಗಳ ಗರಿಷ್ಠ ವೇಗ 1/1000, ನನ್ನ ಬೆಸ್ಸಾದ್ದು 1/2000. ಅಂದರೆ ಲೈಕಾದಲ್ಲಿ ಎಫ್/5.6, ಬೆಸ್ಸಾದಲ್ಲಿ ಎಫ್/4 ತನಕ ಮಾತ್ರ ತೆರೆಯೋಕೆ ಆಗುತ್ತದೆ. ಅದೂ 100ರ ಫಿಲ್ಮ್ ಇದ್ದರೆ. 400 ಹಾಕಿದ್ದರೆ ಇನ್ನೆರಡು ಸ್ಟಾಪ್ ಮುಚ್ಚಬೇಕು. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿಕೊಂಡು ತಿರುಗಬಹುದು, ಸರಿ, ಆದರೆ ದುಡ್ಡು ಕೊಟ್ಟು ಬೆಳಕು ತರಿಸಿಕೊಂಡು ಮತ್ತೆ ದುಡ್ಡು ಕೊಟ್ಟು ಪರದೆ ಎಳೆದ ಹಾಗಾಯಿತು.

ಹಾಗಂತ ಎಫ್/2 ವ್ಯರ್ಥ ಅಲ್ಲ. ಭಟ್ಟಿಯ ಒಳಗೆ, ದುಗ್ಗಮ್ಮನ ಜಾತ್ರೆಯ ರಾತ್ರಿ, ಹರಿಹರೇಶ್ವರ ದೇವಸ್ಥಾನದ ಕಂಬಗಳ ನಡುವಿನ ನೆರಳಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ಎಫ್/4ರವನು 1/15ಕ್ಕೆ ಕೈ ನಡುಗಿಸುತ್ತಾ ನಿಂತಾಗ ಎಫ್/2ರವನು 1/60ರಲ್ಲಿ ತೆಗೆದು ಮುಂದೆ ಹೋಗಿರುತ್ತಾನೆ. ರೇಂಜ್‌ಫೈಂಡರ್‌ನಲ್ಲಿ ಕನ್ನಡಿ ಎದ್ದು ಬಡಿಯುವುದಿಲ್ಲ, ಹಾಗಾಗಿ 90ರಲ್ಲಿ 1/60 ಕೈಯಲ್ಲೇ ಹಿಡಿಯಬಹುದು. ನಾನು ಮಾತ್ರ 1/125 ಇದ್ದರೇ ನೆಮ್ಮದಿಯಾಗಿರುತ್ತೇನೆ. ನಿಮ್ಮ ಹತ್ತು ಫೋಟೋದಲ್ಲಿ ಎಷ್ಟು ಬಿಸಿಲಿನವು, ಎಷ್ಟು ಕತ್ತಲಿನವು ಅಂತ ಹಳೆಯ ನೆಗೆಟಿವ್ ತೆಗೆದು ಎಣಿಸಿ. ನನ್ನವು ಎಂಟು ಬಿಸಿಲಿನವು.

75 ಮತ್ತು 90

ಇದು ರುಚಿಯ ಪ್ರಶ್ನೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಮಾತ್ರ ನಿಜ. ಇನ್ನರ್ಧ ನಿಮ್ಮ ಕಿಂಡಿಯಲ್ಲಿ ಯಾವ ಚೌಕಟ್ಟು ಇದೆ ಅನ್ನೋದು. ಎಂ3, ಎಂ2, ಎಂ4 ಈ ಮೂರರಲ್ಲೂ 75ರ ಚೌಕಟ್ಟೇ ಇಲ್ಲ, 90 ಮಾತ್ರ. 1984ರ ಎಂ6ನಲ್ಲಿ ಜೋಡಿ ಜೋಡಿಯಾಗಿ ಬರುತ್ತವೆ. 28ರ ಜೊತೆ 90, 35ರ ಜೊತೆ 135, 50ರ ಜೊತೆ 75. ಈ ಕೊನೆಯ ಜೋಡಿ ಕಿರಿಕಿರಿ. 50ರ ದೊಡ್ಡ ಚೌಕಟ್ಟಿನೊಳಗೆ 75ರದು ತುಂಡು ತುಂಡಾಗಿ ಕೂತಿರುತ್ತದೆ. ಅವಸರದಲ್ಲಿ ಯಾವುದು ಯಾವುದು ಅಂತ ಗೊತ್ತಾಗದೆ ತಲೆ ಕತ್ತರಿಸುವುದು ಸಾಮಾನ್ಯ. 28ರ ಚೌಕಟ್ಟು ಅಂಚಿಗೆ ಹೋಗಿ ಕೂರುವುದರಿಂದ 90ರದು ಒಂಟಿಯಾಗಿ, ಸ್ಪಷ್ಟವಾಗಿ ಕಾಣುತ್ತದೆ. ಬೆಸ್ಸಾದಲ್ಲಿ ಮೇಲೊಂದು ಸ್ವಿಚ್ ಇದೆ, ಚೌಕಟ್ಟನ್ನು ನಾವೇ ತಿರುಗಿಸಿ ಆರಿಸಬೇಕು. ಮರೆತರೆ 50ರ ಚೌಕಟ್ಟಿನಲ್ಲಿ 90ರ ಫೋಟೋ. ಮರೆತಿದ್ದೇನೆ, ಒಂದು ಸಲ ಅಲ್ಲ.

ಇನ್ನು ರುಚಿ. 90ರಲ್ಲಿ 2 ಮೀಟರ್ ದೂರ ನಿಂತು ಕ್ಯಾಮೆರಾ ನೆಟ್ಟಗೆ ಹಿಡಿದರೆ ಸುಮಾರು 48 ಸೆಂ.ಮೀ. ಅಗಲ, 72 ಸೆಂ.ಮೀ. ಎತ್ತರ ಸಿಗುತ್ತದೆ. ತಲೆ, ಹೆಗಲು, ಎದೆ, ಮೇಲೆ ಸ್ವಲ್ಪ ಗಾಳಿ. ಎರಡು ಮೀಟರ್ ಅಂದರೆ ಮಾತಾಡಿಸುತ್ತಾ ತೆಗೆಯುವಷ್ಟು ಹತ್ತಿರ, ಮುಜುಗರ ಆಗದಷ್ಟು ದೂರ. ಬೆಣ್ಣೆ ದೋಸೆ ಹೋಟೆಲಿನ ಕಾವಲಿಯ ಮುಂದೆ ನಿಂತವರನ್ನು ಈಚೆ ಟೇಬಲ್ಲಿನಿಂದ ತೆಗೆಯೋಕೆ ಇದು ಬರೋಬ್ಬರಿ. ಆದರೆ ಅದೇ ಹೋಟೆಲಿನಲ್ಲಿ ನಿಮ್ಮ ಎದುರು ಕೂತ ಗೆಳೆಯನನ್ನು ತೆಗೆಯಬೇಕಾದರೆ 90 ತುಂಬಾ ಬಿಗಿ, 75 ಹಿತ. ಮನೆಯೊಳಗೆ, ಮದುವೆಯಲ್ಲಿ, ಸಣ್ಣ ಅಂಗಡಿಯಲ್ಲಿ 75. ರಸ್ತೆ, ಜಾತ್ರೆ, ಕೋಟೆ ಅಂದರೆ 90.

ಕೋಟೆ ಅಂದಾಗ ಚಿತ್ರದುರ್ಗ ನೆನಪಾಗದೆ ಇರುತ್ತದಾ? ಇಲ್ಲಿಂದ ಅರವತ್ತು ಕಿಲೋಮೀಟರ್ ಚಿಲ್ಲರೆ. ಏಳು ಸುತ್ತಿನ ಕೋಟೆಯನ್ನು ಎಲ್ಲರೂ ವೈಡ್ ಲೆನ್ಸಿನಲ್ಲಿ ತೆಗೆಯುತ್ತಾರೆ. ಆಗ ಬಂಡೆಗಳು ಸಣ್ಣ ಗುಂಡುಕಲ್ಲುಗಳಾಗುತ್ತವೆ, ಗೋಡೆ ದಾರದ ಹಾಗೆ ಕಾಣುತ್ತದೆ, ಉಳಿದದ್ದೆಲ್ಲ ಆಕಾಶ. 90 ಹಾಕಿ ಮೇಲಿನಿಂದ ಒಂದು ಗೋಡೆಯ ಹಿಂದೆ ಇನ್ನೊಂದು ಗೋಡೆ ಬರುವ ಜಾಗ ಹುಡುಕಿ ನಿಂತರೆ ಸುತ್ತುಗಳು ಒಂದರ ಬೆನ್ನಿಗೆ ಒಂದು ಬಂದು ನಿಲ್ಲುತ್ತವೆ, ಅವುಗಳ ಹಿಂದೆ ದೂರದ ಗುಡ್ಡದ ಗಾಳಿಯಂತ್ರಗಳೂ ಹತ್ತಿರ ಬಂದ ಹಾಗೆ ಕಾಣುತ್ತವೆ. ಇದು ಲೆನ್ಸಿನ ಮಾಯೆ ಅಂದುಕೊಳ್ಳಬೇಡಿ. ನೀವು ದೂರ ನಿಂತಿದ್ದೀರಿ, ಅದಕ್ಕೆ ಹಾಗೆ ಕಾಣುತ್ತದೆ. ಲೆನ್ಸ್ ಸುತ್ತಲಿನದನ್ನು ಕತ್ತರಿಸಿ ಕೊಡುತ್ತದೆ ಅಷ್ಟೇ. ಓಬವ್ವನ ಕಿಂಡಿಯ ಹತ್ತಿರ ಮಾತ್ರ 90 ತೆಗೆದು ಚೀಲಕ್ಕೆ ಹಾಕಿ. ಅಲ್ಲಿ ಹಿಂದೆ ಸರಿಯೋಕೆ ಜಾಗ ಎಲ್ಲಿದೆ, 35 ಇದ್ದರೆ ಬದುಕಿದಿರಿ.

ಹತ್ತಿರದ ಫೋಟೋ ಬೇಕು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. 90ಗಳು ಸಾಮಾನ್ಯವಾಗಿ 1 ಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. 1 ಮೀಟರ್‌ನಲ್ಲಿ ಸಿಗೋದು ಎ4 ಹಾಳೆಗಿಂತ ತುಸು ದೊಡ್ಡ ಜಾಗ. ಮಗುವಿನ ಮುಖಕ್ಕೆ ಸಾಕು, ಕಿವಿಯ ಓಲೆಗೆ ಸಾಲದು. ಹೂವು, ಹುಳ, ಒಡವೆ ತೆಗೆಯುವವರು ಒಂದು ಹಳೆಯ ಎಸ್‌ಎಲ್‌ಆರ್ ತಗೊಂಡು ಸುಖವಾಗಿರಿ.

ನನ್ನ ಓಲೆ ಪ್ರಸಂಗ

ಓಲೆ ಅಂದೆನಲ್ಲ. ನಾನು ಅಗ್ಗಕ್ಕೆ ತಗೊಂಡ ಎಫ್/2 ಲೆನ್ಸ್ ಸೋವಿಯತ್ ಕಾಲದ ಜುಪಿಟರ್-9, 85 ಎಂಎಂ, ಜೈಸ್ ಸೊನಾರ್ ವಿನ್ಯಾಸದ್ದು. ಅಪರ್ಚರ್‌ಗೆ ಹದಿನೈದು ಎಸಳು, ಹಿನ್ನೆಲೆಯ ಬೆಳಕೆಲ್ಲ ಗುಂಡು ಗುಂಡಾಗಿ ಕರಗುತ್ತದೆ, ನೋಡೋಕೆ ಆಹಾ. ಆನ್‌ಲೈನ್‌ನಲ್ಲಿ ಮಾರಿದವರು "ಮಿಂಟ್" ಅಂತ ಬರೆದಿದ್ದರು. ಅಡಾಪ್ಟರ್ ಹಾಕಿ ಬೆಸ್ಸಾಗೆ ಕೂರಿಸಿ ಅಜ್ಜಿಯನ್ನು ಪಡಸಾಲೆಯ ಬಾಗಿಲಲ್ಲಿ ಕೂರಿಸಿ ಒಂದು ರೋಲ್ ತೆಗೆದೆ. ಪ್ರತಿ ಫ್ರೇಮಿನಲ್ಲೂ ಕಣ್ಣಿಗೇ ಫೋಕಸ್ ಮಾಡಿದ್ದೆ. ಬಂದದ್ದು ನೋಡಿದರೆ ಕಣ್ಣು ಮಂಜು ಮಂಜು, ಕಿವಿಯ ಓಲೆ ಮಾತ್ರ ಹರಳು ಎಣಿಸುವಷ್ಟು ಶಾರ್ಪ್! ಅಜ್ಜಿಗೆ ತುಂಬಾ ಖುಷಿ, ಓಲೆ ಚೆನ್ನಾಗಿ ಬಂದಿದೆ ಅಂತ. ನನಗೆ ಅಳು.

ತಪ್ಪು ಎರಡು ಕಡೆ ಇತ್ತು. ಒಂದು, 26 ಮಿ.ಮೀ. ಅಸಲು ಉದ್ದದ ಕ್ಯಾಮೆರಾಗೆ 85 ಎಫ್/2 ಕಟ್ಟಿದ್ದು. ಇನ್ನೊಂದು, ಸೋವಿಯತ್ ಸ್ಕ್ರೂ ಲೆನ್ಸ್‌ಗಳ ಥ್ರೆಡ್ ಲೈಕಾದ 39 ಎಂಎಂ ಸ್ಕ್ರೂಗೆ ಕೂತರೂ ಫೋಕಸ್ ಲೆಕ್ಕ ಬೇರೆ. ಲೈಕಾ ತನ್ನ ಮೂಲ ಲೆನ್ಸನ್ನು 51.6 ಎಂಎಂ ಅಂತ ಹಿಡಿದು ರೇಂಜ್‌ಫೈಂಡರ್ ಕಟ್ಟಿದೆ, ಜೈಸ್‌ನ ಕಾಂಟ್ಯಾಕ್ಸ್ ಕ್ಯಾಮೆರಾದ ದಾರಿಯಲ್ಲಿ ಹೋದ ಸೋವಿಯತ್‌ನವರು 52.4 ಹಿಡಿದರು. 35 ಎಂಎಂ ಲೆನ್ಸಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, 85ರಲ್ಲಿ ಓಲೆಗೆ ಹೋಗುತ್ತದೆ. ರಿಪೇರಿಯವರು ಒಳಗೆ ತೆಳ್ಳನೆಯ ತಗಡಿನ ರಿಂಗ್ ಇಟ್ಟು ಹತ್ತಿರದ ದೂರಕ್ಕೆ ಸರಿ ಮಾಡಿಕೊಟ್ಟರು. ಆಗ ಹತ್ತು ಮೀಟರ್ ಆಚೆಯದು ಕೆಟ್ಟಿತು. ಒಂದು ದೂರಕ್ಕೆ ಸರಿ ಮಾಡಿದರೆ ಇನ್ನೊಂದು ತಪ್ಪುತ್ತದೆ, ಅದರ ಸ್ವಭಾವವೇ ಹಾಗೆ. ಸೋವಿಯತ್ತಿನದೇ ಜೋರ್ಕಿ ಅಥವಾ ಫೆಡ್ ಕ್ಯಾಮೆರಾ ಇದ್ದವರಿಗೆ ಇದೇ ಲೆನ್ಸ್ ಒಳ್ಳೆಯ ಆಯ್ಕೆ. ಅವುಗಳ ಕಿಂಡಿಯಲ್ಲಿ 85ರ ಚೌಕಟ್ಟು ಇರುವುದಿಲ್ಲ, ಮೇಲೆ ಶೂಗೆ ಸಿಕ್ಕಿಸುವ ಬೇರೆ ಫೈಂಡರ್ ಬೇಕು ಅನ್ನೋದು ನೆನಪಿರಲಿ.

ಇದೇ ರೀತಿ ನಿಕಾನ್ ಎಸ್ ಮತ್ತು ಕಾಂಟ್ಯಾಕ್ಸ್ ಮೌಂಟ್‌ಗಳು (ಲೆನ್ಸ್ ಕೂರುವ ಬಾಯಿ) ಅವಳಿ ಮಕ್ಕಳ ಹಾಗೆ ಕಾಣುತ್ತವೆ, ಒಂದರ ವೈಡ್ ಲೆನ್ಸ್ ಇನ್ನೊಂದಕ್ಕೆ ನಡೆಯುತ್ತದೆ, ಟೆಲಿ ನಡೆಯುವುದಿಲ್ಲ.

ಹಾಗಾದರೆ ಯಾವುದು

ಕಡಿಮೆ ಖರ್ಚಿನಲ್ಲಿ, ತಲೆನೋವಿಲ್ಲದೆ ಬೇಕಾದರೆ ಲೈಕಾದ ಹಳೆಯ 90 ಎಫ್/4 ಎಲ್ಮಾರ್. ಉದ್ದ, ತೆಳ್ಳಗೆ, ನೋಡೋಕೆ ಊದುಗೊಳವೆ. ಕಪ್ಪು ಬಿಳುಪಿಗೆ ಬಹಳ ಚಂದ. 1959ರಲ್ಲಿ ಬಂದ ಎಲ್ಮರಿಟ್ 90 ಎಫ್/2.8 ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ನನಗೆ ಕೇಳಿದರೆ 0.72 ಕಿಂಡಿಯ ಲೈಕಾಗೆ ಇದೇ ಸರಿಯಾದ ಜೋಡಿ. ತೂಕ ಆಗದವರು ಟೆಲಿ-ಎಲ್ಮರಿಟ್ ನೋಡುತ್ತಾರೆ. ಪುಟ್ಟದು, ಹಗುರ. ಆದರೆ ಅದರ ಸಣ್ಣ ಮಾದರಿಯಲ್ಲಿ ಹಿಂದಿನ ಗಾಜಿನ ಹತ್ತಿರ ಮಂಜು ಕಟ್ಟುವ ಕಾಯಿಲೆ ಹೆಸರಾಗಿದೆ, ಟಾರ್ಚ್ ಬಿಟ್ಟು ನೋಡದೆ ಕಾಸು ಬಿಚ್ಚಬೇಡಿ. ಸಿಎಲ್‌ಗೆ ಅಂತಲೇ ಬಂದ ಎಲ್ಮಾರ್-ಸಿ 90 ಎಫ್/4 ಜೇಬಿಗೆ ಹಿಡಿಯುತ್ತದೆ. ಅದರ ಫಿಲ್ಟರ್ ಸೀರೀಸ್ 5.5 ಅನ್ನುವ ಹಳೆಯ ಅಳತೆಯದು, ಹುಡುಕಿ ಸುಸ್ತಾಗುತ್ತೀರಿ. ಮಿನೋಲ್ಟಾ ಸಿಎಲ್‌ಇ ಜೊತೆ ಬಂದ ಎಂ-ರೊಕ್ಕೋರ್ 90 ಎಫ್/4ರಲ್ಲಿ ಮಾಮೂಲಿ 40.5 ಎಂಎಂ ಫಿಲ್ಟರ್ ಆಗುತ್ತದೆ.

ವೊಯಿಗ್ಟ್‌ಲೆಂಡರ್ 90 ಎಫ್/3.5 ಅಪೋ-ಲಾಂಥರ್ ಈಗ ನನ್ನ ಬೆಸ್ಸಾದ ಮೇಲಿದೆ. ಅಜ್ಜಿಯ ಕಣ್ಣು ಶಾರ್ಪ್ ಬರುತ್ತದೆ. ಓಲೆ ಕೂಡ. ಅವರದೇ 75 ಎಫ್/2.5 ಕಲರ್-ಹೆಲಿಯಾರ್ 75ರ ದಾರಿ ಹಿಡಿಯುವವರಿಗೆ ಒಳ್ಳೆಯದು. ಜೈಸ್‌ನ 85 ಎಫ್/4 ಟೆಲಿ-ಟೆಸ್ಸಾರ್ ಕೂಡ ಹಗುರ, ಅಂಚಿನಿಂದ ಅಂಚಿಗೆ ಚೊಕ್ಕ.

ಜಪಾನಿನ ಹಳೆಯ ಸ್ಕ್ರೂ ಲೆನ್ಸ್‌ಗಳನ್ನು ಜನ ಮರೆತೇಬಿಟ್ಟಿದ್ದಾರೆ. ಕ್ಯಾನನ್ 100 ಎಫ್/3.5 ಹಗುರ. ನಿಕ್ಕೋರ್ 85 ಎಫ್/2ಕ್ಕಂತೂ ಚರಿತ್ರೆಯೇ ಇದೆ. 1950ರಲ್ಲಿ ಲೈಫ್ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೋದಲ್ಲಿದ್ದಾಗ ಜಪಾನಿ ಛಾಯಾಗ್ರಾಹಕ ಜುನ್ ಮಿಕಿ ಈ ಲೆನ್ಸಿನಲ್ಲಿ ಅವರದೊಂದು ಫೋಟೋ ತೆಗೆದರು. ಪ್ರಿಂಟ್ ನೋಡಿ ಬೆರಗಾದ ಡಂಕನ್ ಕೊರಿಯಾ ಯುದ್ಧಕ್ಕೆ ಹೋದದ್ದು ತಮ್ಮ ಲೈಕಾ ಮೇಲೆ ನಿಕ್ಕೋರ್ ಕಟ್ಟಿಕೊಂಡು. ಜಪಾನಿನ ಲೆನ್ಸಿಗೆ ಹೊರಗೆ ಹೆಸರು ಬಂದದ್ದು ಅಲ್ಲಿಂದ. ಲೈಕಾ ಸ್ಕ್ರೂ ಮೌಂಟಿಗೆ ಮಾಡಿದ್ದನ್ನೇ ನೋಡಿ ತಗೊಳ್ಳಿ, ಹಿತ್ತಾಳೆಯ ತೂಕಕ್ಕೂ ತಯಾರಾಗಿರಿ.

ಸ್ಕ್ರೂ ಲೆನ್ಸ್ ತಗೊಂಡು ಲೈಕಾ ಎಂಗೆ ಹಾಕುವವರು ಅಡಾಪ್ಟರ್ ಆರ್ಡರ್ ಮಾಡುವಾಗ ಅದರ ಮೇಲೆ 28/90 ಅಂತ ಇದೆಯಾ ನೋಡಿ. 50/75ರ ಅಡಾಪ್ಟರ್ ಹಾಕಿದರೆ ಲೆನ್ಸ್ ಕೂರುತ್ತದೆ, ಫೋಕಸೂ ಆಗುತ್ತದೆ, ಆದರೆ ಕಿಂಡಿಯಲ್ಲಿ ಬರುವ ಚೌಕಟ್ಟು ಬೇರೆ.

ಕೈಗೆ ಬಂದ ಮೇಲೆ

ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಓರೆಯಾಗಿ ನೋಡಿ. ಜೇಡನ ಬಲೆಯ ಹಾಗೆ ಎಳೆ ಕಂಡರೆ ಫಂಗಸ್. ಗಾಜು ಪೂರ್ತಿ ಉಸಿರು ಬಿಟ್ಟ ಕನ್ನಡಿಯ ಹಾಗಿದ್ದರೆ ಮಂಜು. ಒಂದೆರಡು ಧೂಳಿನ ಚುಕ್ಕೆಗೆ ತಲೆ ಕೆಡಿಸಿಕೊಳ್ಳಬೇಡಿ. ಫೋಕಸ್ ರಿಂಗ್ ಈ ತುದಿಯಿಂದ ಆ ತುದಿಗೆ ಒಂದೇ ಸಮ ತಿರುಗಬೇಕು. ನಮ್ಮ ಕಡೆ ಗಾಳಿ ಒಣ, ಕರಾವಳಿಯಷ್ಟು ಫಂಗಸ್ ಭಯ ಇಲ್ಲ. ಆದರೆ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋದರೆ ಒಳಗಿನ ಗ್ರೀಸ್ ಕರಗಿ ಅಪರ್ಚರ್ ಎಸಳಿಗೆ ಹರಿಯುತ್ತದೆ. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಅಷ್ಟು ಸಾಕು.

ಫೋಕಸ್ ಪರೀಕ್ಷೆ ಎರಡು ಕಡೆ ಮಾಡಿ. ದೂರಕ್ಕೆ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರದ ಕಂಬ ಬೆಸ್ಟ್, ಕಪ್ಪು ಗೆರೆಯ ಹಾಗೆ ನೆಟ್ಟಗಿರುತ್ತದೆ. ಲೆನ್ಸನ್ನು ಅನಂತದ ಗುರುತಿಗೆ ತಿರುಗಿಸಿದಾಗ ಪ್ಯಾಚಿನಲ್ಲಿ ಕಂಬ ಒಂದೇ ಆಗಬೇಕು. ಎರಡಾಗಿ ಕಂಡರೆ ಮೊದಲು 50 ಹಾಕಿ ನೋಡಿ. ಅದರಲ್ಲೂ ಎರಡಾದರೆ ತಪ್ಪು ಕ್ಯಾಮೆರಾದ್ದು, ಲೆನ್ಸಿನದ್ದಲ್ಲ. ಹತ್ತಿರಕ್ಕೆ ಮೇಜಿನ ಮೇಲೆ ಐದು ಬೆಂಕಿಪೊಟ್ಟಣಗಳನ್ನು ಓರೆ ಸಾಲಿನಲ್ಲಿ, ಒಂದರಿಂದ ಒಂದು 3 ಸೆಂ.ಮೀ. ಹಿಂದೆ ಬರುವ ಹಾಗೆ ನಿಲ್ಲಿಸಿ. ನಡುವಿನದಕ್ಕೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು, ಟ್ರೈಪಾಡ್ ಮೇಲಿಟ್ಟು ನಾಲ್ಕು ಫ್ರೇಮ್ ತೆಗೆಯಿರಿ. ಪ್ರತಿ ಫ್ರೇಮಿಗೂ ಫೋಕಸ್ ಕೆಡಿಸಿ ಹೊಸದಾಗಿ ಮಾಡಿ, ಇದು ಮುಖ್ಯ. ನಾಲ್ಕರಲ್ಲೂ ಒಂದೇ ಪೊಟ್ಟಣ ತಪ್ಪಾಗಿ ಶಾರ್ಪ್ ಬಂದರೆ ಲೆನ್ಸ್ ಅಥವಾ ಕ್ಯಾಮೆರಾ ರಿಪೇರಿಗೆ. ನಾಲ್ಕು ಸಲ ನಾಲ್ಕು ಪೊಟ್ಟಣ ಬಂದರೆ ಅದು ನಿಮ್ಮ ಕಣ್ಣು, ಇಲ್ಲವೇ ಕ್ಯಾಮೆರಾದ ಅಸಲು ಉದ್ದ ಸಾಲದು.

ಇದೆಲ್ಲ ಕೊಂಡಮೇಲಿನ ಮಾತಾಯಿತು. ಕೊಳ್ಳುವ ಮುಂಚೆ ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದೆ. ಎಂ6ನಂಥ ಲೈಕಾದಲ್ಲಿ ಮೌಂಟಿನ ಪಕ್ಕ ಒಂದು ಸಣ್ಣ ಲಿವರ್ ಇರುತ್ತದೆ, ಅದನ್ನು ಆಡಿಸಿದರೆ ಲೆನ್ಸ್ ಬದಲಾಯಿಸದೆಯೇ 90ರ ಚೌಕಟ್ಟು ಬರುತ್ತದೆ. ಬೆಸ್ಸಾದಲ್ಲಿ ಮೇಲಿನ ಸ್ವಿಚ್. 50 ಹಾಕಿಕೊಂಡೇ ಒಂದು ವಾರ ಊರು ಸುತ್ತಿ. ಪ್ರತಿ ಫೋಟೋಗೆ ಮುಂಚೆ ಒಮ್ಮೆ 75, ಒಮ್ಮೆ 90 ತಿರುಗಿಸಿ ನೋಡಿ, ಯಾವುದು ಬೇಕಿತ್ತು ಅಂತ ಚೀಟಿಯಲ್ಲಿ ಗೀಟು ಹಾಕಿ. ನಾನು 75 ಅಂತಲೇ ಹಟ ಹಿಡಿದವನು. ಶನಿವಾರ ಸಂಜೆ ಚೀಟಿ ಎಣಿಸಿದರೆ 90ಕ್ಕೆ ಹದಿನೇಳು, 75ಕ್ಕೆ ನಾಲ್ಕು, ಅದರಲ್ಲಿ ಮೂರು ದೋಸೆ ಹೋಟೆಲಿನಲ್ಲಿ ಹಾಕಿದ್ದು.